ಇಬಾದಾನಿನಲ್ಲಿ ಒಂದೇ ಮನೆ, ಜೋಸ್‌ನಲ್ಲಿ ಎರಡು ಊರು

2025ರ ನವೆಂಬರ್ 17ರಂದು ನೈಜೀರಿಯಾದ ಕೆಬ್ಬಿ ರಾಜ್ಯದ ಮಾಗಾ ಎಂಬ ಊರಲ್ಲಿ, ಬೆಳಗಿನ ಜಾವ, ಸರ್ಕಾರಿ ಹೆಣ್ಣುಮಕ್ಕಳ ಶಾಲೆಯ ಹಾಸ್ಟೆಲಿಗೆ ಬಂದೂಕು ಹಿಡಿದವರು ನುಗ್ಗಿದರು. 25 ಹುಡುಗಿಯರನ್ನು ಎತ್ತಿಕೊಂಡು ಹೋದರು. ಕೆಬ್ಬಿ ಮುಸ್ಲಿಮರೇ ಜಾಸ್ತಿ ಇರುವ ರಾಜ್ಯ. ಇದಾಗಿ ನಾಲ್ಕೇ ದಿನಕ್ಕೆ ನೈಜರ್ ರಾಜ್ಯದ ಪಾಪಿರಿಯಲ್ಲಿ ಸೇಂಟ್ ಮೇರೀಸ್ ಎಂಬ ಕ್ಯಾಥೊಲಿಕ್ ಶಾಲೆಗೆ ನುಗ್ಗಿ 300ಕ್ಕೂ ಹೆಚ್ಚು ಮಕ್ಕಳನ್ನು, ಜೊತೆಗೆ 12 ಮಂದಿ ಸಿಬ್ಬಂದಿಯನ್ನು ಹೊತ್ತೊಯ್ದರು. (ನೈಜರ್ ಅಂತ ಪಕ್ಕದಲ್ಲಿ ಒಂದು ದೇಶವೂ ಇದೆ. ಇದು ನೈಜೀರಿಯಾದ ಒಳಗಿನ ರಾಜ್ಯ.) ಎರಡೂ ಕಡೆಯ ಮಕ್ಕಳು ಆಮೇಲೆ ಬಿಡುಗಡೆಯಾದರು, ಅದೊಂದು ಸಮಾಧಾನ.

ಈ ಎರಡರಲ್ಲಿ ಯಾವ ಸುದ್ದಿ ಪ್ರಪಂಚ ಸುತ್ತಿತು ಅಂತ ಹೇಳಬೇಕಾಗಿಲ್ಲ. ಅದಕ್ಕೆ ಸಂಖ್ಯೆಯೂ ಕಾರಣ, ಒಪ್ಪೋಣ. ಇನ್ನೊಂದು ಕಾರಣವೂ ಇತ್ತು. ಅಕ್ಟೋಬರ್ 31ಕ್ಕೆ ಅಮೆರಿಕದ ಅಧ್ಯಕ್ಷ ಟ್ರಂಪ್, ನೈಜೀರಿಯಾದಲ್ಲಿ ಕ್ರೈಸ್ತ ಧರ್ಮಕ್ಕೇ ಕುತ್ತು ಬಂದಿದೆ ಎಂದು ಹೇಳಿ, ಧಾರ್ಮಿಕ ಸ್ವಾತಂತ್ರ್ಯದ ವಿಷಯದಲ್ಲಿ 'ವಿಶೇಷ ಕಳವಳದ ದೇಶ'ಗಳ ಪಟ್ಟಿಗೆ ಅದನ್ನು ಸೇರಿಸಿದ್ದರು. ಮರುದಿನವೇ ಸೇನೆ ಕಳಿಸುವ ಮಾತು. ಡಿಸೆಂಬರ್ 25ಕ್ಕೆ, ಕ್ರಿಸ್‌ಮಸ್ ದಿನವೇ ನೋಡಿಕೊಂಡು, ನೈಜೀರಿಯಾದ ಸೊಕೊಟೊ ರಾಜ್ಯದ ಮೇಲೆ ಅಮೆರಿಕದ ದಾಳಿ. ಸೊಕೊಟೊ ಅಂದರೆ ಹೆಚ್ಚುಕಡಿಮೆ ಪೂರ್ತಿ ಮುಸ್ಲಿಮರ ರಾಜ್ಯ. ಅಲ್ಲಿನ ಉಗ್ರರಿಂದ ದಿನನಿತ್ಯ ಸಾಯುತ್ತಿರುವವರೂ ಮುಸ್ಲಿಮರೇ. ಕ್ರೈಸ್ತರನ್ನು ಕಾಪಾಡುವ ಬಾಂಬು ಅಲ್ಲಿ ಯಾಕೆ ಬಿತ್ತು ಅಂತ ಕೇಳಿದರೆ ಉತ್ತರ ಸುಲಭವಿಲ್ಲ.

ನಮ್ಮ ಕಡೆ ನೈಜೀರಿಯಾ ಸುದ್ದಿ ಬರೋದೇ ಕಡಿಮೆ. ಬಂದರೂ ಎರಡು ಸಾಲು. ಮುಸ್ಲಿಮರು, ಕ್ರೈಸ್ತರು, ಗಲಾಟೆ, ಇಷ್ಟು ಜನ ಸತ್ತರು, ಮುಗಿಯಿತು. ಓದಿದವರಿಗೆ ಅನಿಸೋದು ಒಂದೇ: ಈ ಎರಡು ಧರ್ಮದವರು ಒಟ್ಟಿಗೆ ಬಾಳೋದು ಆಗದ ಮಾತು ಅಂತ. ಅದಕ್ಕೇ ಈ ದೇಶವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು ಅನಿಸುತ್ತದೆ. ಯಾಕಂದರೆ ಇದೇ ದೇಶದಲ್ಲಿ, ಇದೇ ಎರಡು ಧರ್ಮಗಳು, ಒಂದು ಕಡೆ ಒಂದೇ ಮನೆಯೊಳಗೆ ನೂರೈವತ್ತು ವರ್ಷದಿಂದ ಆರಾಮವಾಗಿವೆ. ಇನ್ನೊಂದು ಕಡೆ ರಸ್ತೆಯ ಆಚೆ ಈಚೆ ಕೊಚ್ಚಾಡಿವೆ. ಬೈಬಲ್ ಅದೇ, ಕುರಾನ್ ಅದೇ. ಹಾಗಾದರೆ ಬೇರೆ ಇರೋದು ಏನು?

ನೈಜೀರಿಯಾದ ಜನಸಂಖ್ಯೆ ಸುಮಾರು 23 ಕೋಟಿ. ಅಂದಾಜು ಅರ್ಧ ಮುಸ್ಲಿಮರು, ಅರ್ಧ ಕ್ರೈಸ್ತರು. ಅಂದಾಜು ಅಂತ ಯಾಕೆ ಹೇಳಬೇಕು ಅಂದರೆ, 1991 ಮತ್ತು 2006ರ ಜನಗಣತಿಗಳಲ್ಲಿ ಧರ್ಮದ ಕಾಲಂ ಇಟ್ಟಿರಲೇ ಇಲ್ಲ. 2006ರ ಮೇಲೆ ಜನಗಣತಿಯೇ ನಡೆದಿಲ್ಲ. ಧರ್ಮ ಕೇಳಿದರೆ ಗಲಾಟೆ ಆದೀತು ಅನ್ನೋ ಭಯ. ಉತ್ತರದಲ್ಲಿ ಮುಸ್ಲಿಮರು ಜಾಸ್ತಿ, ಆಗ್ನೇಯದಲ್ಲಿ ಕ್ರೈಸ್ತರು ಜಾಸ್ತಿ. ನೈಋತ್ಯದಲ್ಲಿ, ಅಂದರೆ ಯೊರೂಬಾ ಜನರ ನಾಡಿನಲ್ಲಿ, ಇಬ್ಬರೂ ಬೆರೆತಿದ್ದಾರೆ. ನಡುವೆ ಅಡ್ಡಕ್ಕೆ ಹಾದುಹೋಗುವ ಪಟ್ಟಿಗೆ ಮಿಡ್ಲ್ ಬೆಲ್ಟ್ ಅಂತಾರೆ. ಅಲ್ಲೂ ಇಬ್ಬರೂ ಇದ್ದಾರೆ. ಬೆರೆತಿಲ್ಲ, ಪಕ್ಕಪಕ್ಕ ಇದ್ದಾರೆ.

ಮೊದಲು ಯೊರೂಬಾ ನಾಡಿಗೆ ಹೋಗೋಣ. ಲಾಗೋಸ್, ಇಬಾದಾನ್, ಅಬೆಯೊಕುಟ, ಒಸೊಗ್ಬೊ ಇರುವ ಸೀಮೆ. ಇಲ್ಲಿ ಅಣ್ಣ ಹಾಜಿ, ತಮ್ಮ ಪಾದ್ರಿ ಆಗಿರೋದು ವಿಶೇಷವೇ ಅಲ್ಲ. ಈಗಿನ ಅಧ್ಯಕ್ಷ ಬೋಲಾ ಟಿನುಬು ಮುಸ್ಲಿಂ. ಅವರ ಹೆಂಡತಿ ರೆಮಿ ಟಿನುಬು ರಿಡೀಮ್ಡ್ ಕ್ರಿಶ್ಚಿಯನ್ ಚರ್ಚಿನ ದೀಕ್ಷೆ ಪಡೆದ ಪಾಸ್ಟರ್. ಹೆಂಡತಿ ಮತ ಬದಲಿಸಲಿಲ್ಲ, ಗಂಡ ಕೇಳಲೂ ಇಲ್ಲ. ದೇಶದ ಬೇರೆ ಭಾಗದವರಿಗೆ ಇದು ಆಶ್ಚರ್ಯ, ಯೊರೂಬಾ ಜನಕ್ಕೆ ಪಕ್ಕದ ಮನೆಯ ಕಥೆ. 1993ರ ಜೂನ್ 12ರ ಚುನಾವಣೆಯನ್ನು ಗೆದ್ದು, ಸೇನೆ ಆ ಫಲಿತಾಂಶವನ್ನೇ ರದ್ದು ಮಾಡಿದ್ದರಿಂದ ಅಧ್ಯಕ್ಷರಾಗದೆ ಉಳಿದ ಎಂ.ಕೆ.ಒ. ಅಬಿಯೊಲಾ ಕೂಡ ಯೊರೂಬಾ ಮುಸ್ಲಿಂ. ಓದಿದ್ದು ಅಬೆಯೊಕುಟದ ಬ್ಯಾಪ್ಟಿಸ್ಟ್ ಹುಡುಗರ ಶಾಲೆಯಲ್ಲಿ. ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತವರೂ ಮುಸ್ಲಿಂ. ಆದರೂ ಯೊರೂಬಾ ಕ್ರೈಸ್ತರು ಹಿಂದೆಮುಂದೆ ನೋಡದೆ ಓಟು ಹಾಕಿದರು.

ಯೊರೂಬಾದಲ್ಲಿ ಒಂದು ಮಾತಿದೆ. ನಾವು ಹುಟ್ಟಿದಾಗಲೇ ಇಫಾ ಇತ್ತು, ಹುಟ್ಟಿದಾಗಲೇ ಇಸ್ಲಾಂ ಇತ್ತು, ಕ್ರೈಸ್ತ ಮತ ಬಂದದ್ದು ನಡುಮಧ್ಯಾಹ್ನ ಅಂತ. ಇಫಾ ಅಂದರೆ ಅಲ್ಲಿನ ಹಳೆಯ ದೇವರ, ಕಣಿ ಕೇಳುವ ಪದ್ಧತಿ. ಈ ಮಾತು ಇತಿಹಾಸಕ್ಕೆ ಹೊಂದುತ್ತದೆ. ಇಸ್ಲಾಂ ಬಂದದ್ದು ಉತ್ತರದ ವ್ಯಾಪಾರಿಗಳ ಜೊತೆ, ಶತಮಾನಗಳ ಹಿಂದೆ. ಕ್ರೈಸ್ತ ಮಿಷನರಿಗಳು ಬಂದದ್ದು 1840ರ ದಶಕದಲ್ಲಿ. ಎರಡೂ ಕತ್ತಿಯ ಬಲದಿಂದ ಇಡೀ ನಾಡನ್ನು ಗೆದ್ದು ಬಂದವಲ್ಲ. ಜನ ಒಬ್ಬೊಬ್ಬರಾಗಿ ಸೇರಿದರು. ಒಬ್ಬನಿಗೆ ಶಾಲೆ ಬೇಕಿತ್ತು, ಚರ್ಚಿಗೆ ಹೋದ. ಅವನ ತಮ್ಮನಿಗೆ ವ್ಯಾಪಾರದ ನೆಂಟಸ್ತಿಕೆ ಬೇಕಿತ್ತು, ಮಸೀದಿಗೆ ಹೋದ. ಅಜ್ಜಿ ಹಳೆಯ ದೇವರನ್ನು ಬಿಡಲಿಲ್ಲ. ಮನೆ ಮಾತ್ರ ಒಂದೇ ಉಳಿಯಿತು.

ಈ ಮನೆ ಅನ್ನೋದೇ ಇಲ್ಲಿ ಮುಖ್ಯ. ಯೊರೂಬಾ ಊರುಗಳಲ್ಲಿ ಅಗ್ಬೊ ಇಲೆ ಎಂಬ ದೊಡ್ಡ ತೊಟ್ಟಿಯಂಥ ವಠಾರಗಳಿವೆ. ಒಂದೇ ವಂಶದವರು ತಲೆಮಾರುಗಟ್ಟಲೆ ಅಲ್ಲಿ ಸೇರಿರುತ್ತಾರೆ. ಜಮೀನು ಈ ವಂಶದ್ದು. ಊರಿನ ಮುಖಂಡತನದ ಪಟ್ಟವೂ ವಂಶದ್ದು. ನೀವು ಇಮಾಮ್ ಆಗಿ, ಪಾದ್ರಿ ಆಗಿ, ನಿಮ್ಮ ಪಾಲು ನಿಮಗೆ ಬರುತ್ತದೆ. ಮತ ಬದಲಾಯಿಸಿದರೆ ಜಮೀನು ಹೋಗೋದಿಲ್ಲ, ಬದಲಾಯಿಸಿದರೆ ಜಮೀನು ಸಿಗೋದೂ ಇಲ್ಲ. ಯೊರೂಬಾ ಜನ ಸ್ವಭಾವದಲ್ಲೇ ಶಾಂತಿಪ್ರಿಯರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 19ನೇ ಶತಮಾನದ ಬಹುಪಾಲು ಅವರು ಒಬ್ಬರ ಮೇಲೊಬ್ಬರು ಯುದ್ಧ ಮಾಡಿದವರು. ಇಬಾದಾನ್ ಪಟ್ಟಣ ಹುಟ್ಟಿದ್ದೇ 1829ರ ಸುಮಾರಿಗೆ ದಂಡಿನ ಪಾಳೆಯವಾಗಿ. ಆದರೆ ಆ ಜಗಳಗಳು ಊರು ಊರಿನ ನಡುವೆ ಇದ್ದವು. ಒಂದೊಂದು ಊರಿನೊಳಗೂ ಎಲ್ಲಾ ಮತದವರಿದ್ದರು.

ಇಜೆಬು-ಒಡೆ ಎಂಬ ಊರಿನ ಹಬ್ಬ ಒಂದಿದೆ, ಒಜುಡೆ ಒಬಾ. ಬಕ್ರೀದ್ ಆಗಿ ಮೂರನೇ ದಿನಕ್ಕೆ ಅರಮನೆಯ ಮುಂದೆ ನಡೆಯುತ್ತದೆ. ಹಿಂದೆ ಅಲ್ಲಿನ ರಾಜ ಮುಸ್ಲಿಮರಿಗೆ ಅವರ ಧರ್ಮ ಆಚರಿಸಲು ಬಿಟ್ಟನಲ್ಲ, ಆ ಋಣ ಹೇಳಲು ಅವರು ರಾಜನ ಹತ್ತಿರ ಹೋಗುತ್ತಿದ್ದರು, ಅಲ್ಲಿಂದ ಶುರುವಾದದ್ದು. ಇವತ್ತು ಅದು ಊರಿಗೆ ಊರೇ ಸೇರುವ ಹಬ್ಬ. ಒಂದೇ ವಯಸ್ಸಿನವರು ಒಂದೊಂದು ತಂಡ, ತಂಡಕ್ಕೊಂದು ಬಣ್ಣದ ಬಟ್ಟೆ, ಕುದುರೆ, ಮೆರವಣಿಗೆ. ತಂಡ ಮಾಡೋದು ವಯಸ್ಸು ನೋಡಿ, ಮತ ನೋಡಿ ಅಲ್ಲ. ಹಾಗಾಗಿ ಬಕ್ರೀದಿನ ಹಬ್ಬದಲ್ಲಿ ಕ್ರೈಸ್ತರು ಅರ್ಧಕ್ಕರ್ಧ ಇದ್ದರೂ ಯಾರೂ ಎಣಿಸಲು ಹೋಗೋದಿಲ್ಲ.

ಇನ್ನೊಂದು ತಮಾಷೆಯ ವಿಷಯ. ಲಾಗೋಸಿನಲ್ಲಿ ಚರ್ಚುಗಳು ಭಾನುವಾರ ಜನ ಸೆಳೆಯುತ್ತಿದ್ದವು. ಯುವ ಮುಸ್ಲಿಮರು ಅತ್ತ ಜಾರುತ್ತಾರೆ ಅನ್ನೋ ಆತಂಕ ಹುಟ್ಟಿತು. 1995ರಲ್ಲಿ ನಾಸ್‌ಫಾತ್ ಎಂಬ ಮುಸ್ಲಿಂ ಸಂಘ ಹುಟ್ಟಿ, ಭಾನುವಾರ ಬೆಳಿಗ್ಗೆಯೇ ಸಾಮೂಹಿಕ ಪ್ರಾರ್ಥನೆ ಇಟ್ಟಿತು. ಪೆಂಟೆಕೋಸ್ಟಲ್ ಚರ್ಚುಗಳು ಹೆದ್ದಾರಿ ಪಕ್ಕ ದೊಡ್ಡ ಪ್ರಾರ್ಥನಾ ಮೈದಾನ ಮಾಡಿಕೊಂಡಿದ್ದವು, ಇವರೂ ಅದೇ ಲಾಗೋಸ್-ಇಬಾದಾನ್ ಹೆದ್ದಾರಿಯಲ್ಲಿ ಜಾಗ ಮಾಡಿಕೊಂಡರು. ಪೈಪೋಟಿ ಅಂದರೆ ಪೈಪೋಟಿಯೇ. ನನಗಿಂತ ನೀನು ಎಷ್ಟು ಹೆಚ್ಚು ಜನ ಸೇರಿಸುತ್ತೀಯ ನೋಡೋಣ ಅನ್ನೋ ಥರ. ಅದಕ್ಕೆ ರಕ್ತ ಸುರಿಯಲಿಲ್ಲ. ಇಬ್ಬರ ಭಕ್ತರೂ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡರು, ಅಷ್ಟೇ.

ಈಗ ಜೋಸ್. ಪ್ಲಾಟೊ ರಾಜ್ಯದ ರಾಜಧಾನಿ, ಎತ್ತರದ ಪ್ರಸ್ಥಭೂಮಿಯ ಮೇಲಿನ ತಂಪಾದ ಊರು. ಈ ಗುಡ್ಡಗಾಡಿನ ಬೆರೊಮ್, ಅನಗುಟ, ಅಫಿಜೆರೆ ಜನರನ್ನು ಉತ್ತರದ ಮುಸ್ಲಿಂ ಸಾಮ್ರಾಜ್ಯಕ್ಕೆ ಪೂರ್ತಿ ಗೆಲ್ಲಲು ಆಗಿರಲಿಲ್ಲ. 1804ರಲ್ಲಿ ಉಸ್ಮಾನ್ ದಾನ್ ಫೋದಿಯೊ ಶುರುಮಾಡಿದ ಜಿಹಾದಿನಿಂದ ಹುಟ್ಟಿದ ಸೊಕೊಟೊ ಖಲೀಫಗಿರಿ ಅದು. ಗೆಲ್ಲದಿದ್ದರೂ ಗುಲಾಮರನ್ನು ಹಿಡಿಯಲು ದಾಳಿ ನಡೆಯುತ್ತಿತ್ತು. ಆ ನೆನಪು ಈಗಲೂ ಹಸಿ. ಆಮೇಲೆ ಬ್ರಿಟಿಷರು ಬಂದರು. 20ನೇ ಶತಮಾನದ ಶುರುವಿನಲ್ಲಿ ಇಲ್ಲಿ ತವರದ ಗಣಿ ತೆರೆದರು. ಕೆಲಸಕ್ಕೆ ಉತ್ತರದಿಂದ ಹೌಸಾ ಮುಸ್ಲಿಮರು ಸಾವಿರಾರು ಸಂಖ್ಯೆಯಲ್ಲಿ ಬಂದರು. ಗುಡ್ಡದ ಜನರ ನಡುವೆ ಮಿಷನರಿಗಳು ಕೆಲಸ ಮಾಡಿದರು, ಅವರು ಕ್ರೈಸ್ತರಾದರು. ಉತ್ತರದ ಅಮೀರರ, ಅಂದರೆ ಮುಸ್ಲಿಂ ದೊರೆಗಳ, ಸೀಮೆಯಲ್ಲಿ ಮಿಷನರಿಗಳು ಕಾಲಿಡದಂತೆ ಬ್ರಿಟಿಷರೇ ತಡೆದಿದ್ದರು, ಅದು ಅವರ ಆಡಳಿತದ ಲೆಕ್ಕಾಚಾರ. ಅಂತೂ ಜೋಸ್‌ನಲ್ಲಿ ಯಾರು ಮೂಲದವರೋ ಅವರು ಕ್ರೈಸ್ತರು, ಯಾರು ವಲಸೆ ಬಂದವರೋ ಅವರು ಮುಸ್ಲಿಮರು ಅಂತ ಆಗಿಹೋಯಿತು. ಯೊರೂಬಾ ನಾಡಿನಲ್ಲಿ ವಂಶವನ್ನು ಅಡ್ಡ ಸೀಳಿದ ಧರ್ಮ ಇಲ್ಲಿ ವಂಶದ ಬೇಲಿಯ ಮೇಲೆಯೇ ಸರಿಯಾಗಿ ಬಂದು ಕೂತಿತು.

ಇಷ್ಟೇ ಆಗಿದ್ದರೆ ಹೇಗೋ ನಡೆದುಕೊಂಡು ಹೋಗುತ್ತಿತ್ತೇನೋ. ಸರ್ಕಾರ ಈ ಬೇಲಿಗೆ ಸೀಲು ಹೊಡೆದು ಕಾಗದ ಕೊಟ್ಟಿತು.

ನೈಜೀರಿಯಾದಲ್ಲಿ 'ಇಂಡಿಜೀನ್ ಸರ್ಟಿಫಿಕೇಟ್' ಅಂತ ಒಂದಿದೆ. ಅಂದರೆ ನೀವು ಈ ಸ್ಥಳದ ಮೂಲದವರು ಅನ್ನೋ ಪತ್ರ. ಅದನ್ನು ಕೊಡೋದು ಸ್ಥಳೀಯ ಸರ್ಕಾರ. ಅಂಥವು ದೇಶದಲ್ಲಿ 774 ಇವೆ. ನಮ್ಮ ಡೊಮಿಸೈಲ್ ಪತ್ರದ ಥರ ಇಷ್ಟು ವರ್ಷ ಇಲ್ಲಿ ಇದ್ದೀರಿ ಅಂತ ನೋಡಿ ಕೊಡೋದಲ್ಲ. ಅಪ್ಪ, ಅಜ್ಜ, ಮುತ್ತಜ್ಜ ಇಲ್ಲಿಯವರೇ ಆಗಿರಬೇಕು. ನೀವು ಹುಟ್ಟಿದ್ದು ಜೋಸ್‌ನಲ್ಲಿ, ನಿಮ್ಮಪ್ಪ ಹುಟ್ಟಿದ್ದು ಜೋಸ್‌ನಲ್ಲಿ, ತಾತ ಗಣಿಯಲ್ಲಿ ದುಡಿದು ಸತ್ತಿದ್ದೂ ಅಲ್ಲೇ. ಆದರೂ ನೀವು 'ಸೆಟ್ಲರ್'. ಬಂದವರು. ಪತ್ರ ಇಲ್ಲ ಅಂದರೆ ರಾಜ್ಯ ಸರ್ಕಾರದ ಕೆಲಸ ಕಷ್ಟ, ಸ್ಕಾಲರ್‌ಶಿಪ್ ಇಲ್ಲ, ರಾಜ್ಯದ ವಿಶ್ವವಿದ್ಯಾಲಯದಲ್ಲಿ ಫೀಸು ಜಾಸ್ತಿ. ನೀವು ಬೇರೆ ಎಲ್ಲಿಯವರು ಅಂತ ಕೇಳಿದರೆ ಅದಕ್ಕೂ ಉತ್ತರವಿಲ್ಲ. ತಾತ ಉತ್ತರದ ಕಾನೊದಿಂದ ಬಂದಿರಬಹುದು, ಆದರೆ ಕಾನೊದಲ್ಲಿ ನಿಮ್ಮನ್ನು ಯಾರು ಗುರುತಿಸುತ್ತಾರೆ?

ಇದರ ಹಿಂದಿನ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ದೇಶದ ಅಧಿಕಾರ ಒಂದೆರಡು ದೊಡ್ಡ ಜನಾಂಗಗಳ ಕೈಗೆ ಹೋಗಬಾರದು, ಎಲ್ಲರಿಗೂ ಪಾಲು ಸಿಗಲಿ ಅಂತ 1979ರ ಸಂವಿಧಾನದಲ್ಲಿ 'ಫೆಡರಲ್ ಕ್ಯಾರೆಕ್ಟರ್' ಎಂಬ ತತ್ವ ತಂದರು. 1999ರ ಸಂವಿಧಾನ ಅದನ್ನೇ ಉಳಿಸಿಕೊಂಡಿತು. ಅದರ ಪ್ರಕಾರ ಪ್ರತಿ ರಾಜ್ಯದಿಂದ ಒಬ್ಬ ಮಂತ್ರಿ ಇರಬೇಕು, ಆತ ಆ ರಾಜ್ಯದ ಇಂಡಿಜೀನ್ ಆಗಿರಬೇಕು. ಸರಿ, ಇಂಡಿಜೀನ್ ಅಂದರೆ ಯಾರು ಅಂತ ಸ್ಥಳದಲ್ಲಿ ತೀರ್ಮಾನಿಸೋದು ಯಾರು? ಸ್ಥಳೀಯ ಸರ್ಕಾರ. ಕಚ್ಚಾ ಎಣ್ಣೆ ಮಾರಿದ ಹಣ ಕೇಂದ್ರದಿಂದ ಹಂಚಿಕೆಯಾಗಿ ಕೆಳಗೆ ಬರುವುದೂ ಅದೇ ಸ್ಥಳೀಯ ಸರ್ಕಾರಗಳ ಲೆಕ್ಕದಲ್ಲಿ. ಅಲ್ಲಿಗೆ ಹಣ, ಕೆಲಸ, ಗುರುತು ಮೂರೂ ಒಂದೇ ಕಚೇರಿಯಲ್ಲಿ ಸೇರಿದವು. ಆ ಕಚೇರಿ ಯಾರ ಕೈಲಿದೆ ಅನ್ನೋದು ಬದುಕಿನ ಪ್ರಶ್ನೆ ಆಯಿತು.

1991ರಲ್ಲಿ ಸೇನಾ ಸರ್ಕಾರ ಜೋಸ್ ನಾರ್ತ್ ಅಂತ ಹೊಸ ಸ್ಥಳೀಯ ಸರ್ಕಾರ ಮಾಡಿತು. ಇದು ಹೌಸಾ ಜನರಿಗೆ ಅನುಕೂಲ ಮಾಡಿಕೊಡಲು ಕತ್ತರಿಸಿದ್ದು ಅಂತ ಬೆರೊಮ್ ಮತ್ತಿತರರು ಸಿಟ್ಟಾದರು. 1994ರಲ್ಲಿ ಅದರ ಮುಖ್ಯಸ್ಥನ ಸ್ಥಾನಕ್ಕೆ ಒಬ್ಬ ಹೌಸಾ ಮುಸ್ಲಿಮರನ್ನು ಕೂರಿಸಿದಾಗ ಮೊದಲ ಗಲಭೆ. 2001ರಲ್ಲಿ ಬಡತನ ನಿವಾರಣಾ ಯೋಜನೆಯ ಸ್ಥಳೀಯ ಅಧಿಕಾರಿಯಾಗಿ ಮತ್ತೆ ಒಬ್ಬ ಹೌಸಾ ಮುಸ್ಲಿಮರ ನೇಮಕ. ವಾರಗಟ್ಟಲೆ ಕರಪತ್ರ, ಬೆದರಿಕೆ. ಸೆಪ್ಟೆಂಬರ್ 7ರ ಶುಕ್ರವಾರ, ನಮಾಜಿಗೆ ರಸ್ತೆ ಅಡ್ಡಗಟ್ಟಿದ್ದ ಕಡೆ ಒಬ್ಬ ಕ್ರೈಸ್ತ ಹೆಂಗಸು ದಾಟಲು ಹೋದದ್ದು ನೆಪವಾಯಿತು. ಕೆಲವೇ ದಿನಗಳಲ್ಲಿ ಸತ್ತವರು ಸುಮಾರು 1,000. ಸುದ್ದಿಯಲ್ಲಿ ಬಂದದ್ದು ಮಸೀದಿ, ರಸ್ತೆ, ಹೆಂಗಸು. ನೇಮಕದ ಆದೇಶ ಬರಲಿಲ್ಲ.

2008ರ ನವೆಂಬರಿನಲ್ಲಿ ಜೋಸ್ ನಾರ್ತ್ ಚುನಾವಣೆ ಆದ ಮರುದಿನವೇ ಮತ್ತೆ ಹೊತ್ತಿ ಉರಿಯಿತು. 2010ರ ಜನವರಿಯಲ್ಲಿ ಕುರು ಕರಮ ಎಂಬ ಹಳ್ಳಿಯಲ್ಲಿ ಮುಸ್ಲಿಮರನ್ನು ಕೊಂದು ಬಾವಿಗಳಿಗೆ ಹಾಕಿದರು. ಮಾರ್ಚಿನಲ್ಲಿ ದೋಗೊ ನಹವದಲ್ಲಿ ರಾತ್ರಿ ನುಗ್ಗಿ ಬೆರೊಮ್ ಕ್ರೈಸ್ತರನ್ನು, ಮಕ್ಕಳು ಹೆಂಗಸರು ಅನ್ನದೆ, ಕಡಿದರು. ಆಮೇಲೆ ಜೋಸ್ ಜನ ತಾವಾಗಿಯೇ ಬೇರೆಯಾದರು. ಮುಸ್ಲಿಂ ಬೀದಿಯಲ್ಲಿದ್ದ ಕ್ರೈಸ್ತರು ಮನೆ ಮಾರಿ ಹೊರಟರು, ಕ್ರೈಸ್ತರ ಬಡಾವಣೆಯಲ್ಲಿದ್ದ ಮುಸ್ಲಿಮರೂ ಹಾಗೇ.

ಇದನ್ನು ಓದಿ ಕ್ರೈಸ್ತರೇ ಪತ್ರ ಕೊಡದೆ ತೊಂದರೆ ಕೊಟ್ಟವರು ಅಂತ ತಿಳಿಯಬೇಡಿ. ಉತ್ತರಕ್ಕೆ ಹೋದರೆ ಅದೇ ಪತ್ರ ಕ್ರೈಸ್ತರಿಗೆ ಸಿಗೋದಿಲ್ಲ. ಕಾನೊ ನಗರದಲ್ಲಿ ದಕ್ಷಿಣದಿಂದ ಬಂದ ಇಗ್ಬೊ ಕ್ರೈಸ್ತರು ಸಾಬೊನ್ ಗರಿ ಎಂಬ ಹೊರಗಿನವರ ಪೇಟೆಯಲ್ಲಿ ತಲೆಮಾರುಗಳಿಂದ ಇದ್ದಾರೆ. ಅವರೂ ಅಲ್ಲಿ ಪರಸ್ಥಳದವರೇ.

ಹಾಗಾದರೆ ಎಲ್ಲಾ ಬರೀ ಜಮೀನು, ನೌಕರಿ, ಧರ್ಮ ಸುಮ್ನೆ ಹೆಸರಿಗೆ ಅನ್ನಬಹುದಾ? ಹಾಗೆ ಹೇಳುವವರು ತುಂಬ ಜನ ಇದ್ದಾರೆ. ನಾನು ಒಪ್ಪೋದಿಲ್ಲ. 1999-2000ದಲ್ಲಿ ಜಂಫಾರ ರಾಜ್ಯದಿಂದ ಶುರುವಾಗಿ ಉತ್ತರದ 12 ರಾಜ್ಯಗಳು ಕ್ರಿಮಿನಲ್ ವಿಷಯಗಳಿಗೂ ಷರಿಯಾ ತಂದವು. ಅದು ಧರ್ಮದ ವಿಷಯವೇ. ಕಡುನ ನಗರದಲ್ಲಿ 2000ದ ಫೆಬ್ರವರಿಯಲ್ಲಿ ಇದರ ವಿರುದ್ಧ ಕ್ರೈಸ್ತರು ಮೆರವಣಿಗೆ ಹೊರಟಾಗ ಶುರುವಾದ ಹಿಂಸೆ ಮೇ ತಿಂಗಳಲ್ಲಿ ಮತ್ತೆ ಎದ್ದಿತು. ಸತ್ತವರು 2,000ದ ಆಸುಪಾಸು ಅಂತ ಅಂದಾಜು. ಸತ್ತ ಇಗ್ಬೊ ಜನರ ಸುದ್ದಿ ಆಗ್ನೇಯದ ಅಬಾ ಪಟ್ಟಣ ಮುಟ್ಟಿದಾಗ, ಅಲ್ಲಿದ್ದ ಬಡಪಾಯಿ ಹೌಸಾಗಳನ್ನು ಹುಡುಕಿ ಕೊಂದರು. ಷರಿಯಾ ಮುಸ್ಲಿಮರಿಗೆ ಮಾತ್ರ ಅಂತ ಕಾನೂನು ಹೇಳುತ್ತದೆ. ಆದರೆ ಉತ್ತರದಲ್ಲಿ ಚರ್ಚ್ ಕಟ್ಟಲು ಜಾಗದ ಅನುಮತಿ ಸಿಗೋದಿಲ್ಲ ಅನ್ನೋ ದೂರು ದಶಕಗಳಷ್ಟು ಹಳೆಯದು. 1978ರ ಭೂ ಕಾಯ್ದೆಯ ಪ್ರಕಾರ ರಾಜ್ಯದ ಭೂಮಿಯೆಲ್ಲ ಗವರ್ನರ್ ಕೈಲಿದೆ, ಹಾಗಾಗಿ ಬೇಡ ಅನ್ನೋದಕ್ಕೆ ಕಾರಣ ಹೇಳಬೇಕಿಲ್ಲ, ಫೈಲ್ ಮೇಲೆ ಕೂತರೆ ಸಾಕು.

ಧರ್ಮನಿಂದೆಯ ವಿಷಯ ಇನ್ನೂ ಕೆಟ್ಟದ್ದು. 2022ರ ಮೇ ತಿಂಗಳಲ್ಲಿ ಸೊಕೊಟೊದ ಒಂದು ಶಿಕ್ಷಕರ ಕಾಲೇಜಿನಲ್ಲಿ ಓದುತ್ತಿದ್ದ ಕ್ರೈಸ್ತ ಹುಡುಗಿಯನ್ನು, ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದ ಮಾತಿಗೆ, ಸಹಪಾಠಿಗಳೇ ಸೇರಿದ ಗುಂಪು ಹೊಡೆದು ಸುಟ್ಟು ಹಾಕಿತು. ಇದರಲ್ಲಿ ಜಮೀನು ಎಲ್ಲಿದೆ? ಎಣ್ಣೆಯ ಹಣ ಎಲ್ಲಿದೆ? ಇದು ನೇರವಾಗಿ ಮತಾಂಧತೆ. ಇದನ್ನು ಆರ್ಥಿಕ ಕಾರಣ ಅಂತ ಮುಚ್ಚಿಹಾಕಲು ಹೋದರೆ ಅಲ್ಲಿನ ಕ್ರೈಸ್ತರಿಗೆ ಮಾಡುವ ಅನ್ಯಾಯ. ಅದೇ ಕಾಯಿಲೆ ಮುಸ್ಲಿಮರನ್ನೂ ಬಿಟ್ಟಿಲ್ಲ, 2020ರಲ್ಲಿ ಕಾನೊದ ಷರಿಯಾ ಕೋರ್ಟು ಒಬ್ಬ ಮುಸ್ಲಿಂ ಹಾಡುಗಾರನಿಗೆ ಮರಣದಂಡನೆ ಹೇಳಿತು. ಬೊಕೊ ಹರಾಮ್ ಎಂಬ ಉಗ್ರರ ಸಂಘಟನೆ ಕೂಡ ಧರ್ಮದ ಹೆಸರಲ್ಲೇ ಹೊರಟದ್ದು. 2014ರಲ್ಲಿ ಚಿಬೊಕ್ ಎಂಬ ಊರಿನ ಶಾಲೆಯಿಂದ ಅವರು ಹೊತ್ತೊಯ್ದ 276 ಹುಡುಗಿಯರಲ್ಲಿ ಹೆಚ್ಚಿನವರು ಕ್ರೈಸ್ತರು. ಆದರೆ ಬೊಕೊ ಹರಾಮಿನ ಮುಖ್ಯ ನೆಲೆ ಬೊರ್ನೊ ರಾಜ್ಯ, ಮುಸ್ಲಿಂ ಸೀಮೆ. ಅಲ್ಲಿ ಅವರ ಬಾಂಬು ಸಿಡಿದದ್ದು ಮಸೀದಿಗಳಲ್ಲಿ, ಸಂತೆಗಳಲ್ಲಿ.

ಇನ್ನು ದನಗಾಹಿಗಳ ವಿಷಯ. ಈಗ 'ಕ್ರೈಸ್ತರ ನರಮೇಧ' ಅಂತ ಹೆಚ್ಚು ಹೇಳೋದು ಇದನ್ನೇ. ಫುಲಾನಿ ಎಂಬ ಜನ ದನ ಮೇಯಿಸುತ್ತಾ ಋತು ನೋಡಿ ಉತ್ತರದಿಂದ ದಕ್ಷಿಣಕ್ಕೆ ಬರುವವರು, ಮುಸ್ಲಿಮರು. ಮಿಡ್ಲ್ ಬೆಲ್ಟಿನ ಬೆನುಯೆ, ಪ್ಲಾಟೊ ರಾಜ್ಯಗಳ ರೈತರು ಬಹುತೇಕ ಕ್ರೈಸ್ತರು. ಹಿಂದೆ ಕೊಯ್ಲಾದ ಹೊಲಕ್ಕೆ ದನ ಬಿಡಿಸಿಕೊಂಡು ಗೊಬ್ಬರ ಮಾಡಿಸಿಕೊಳ್ಳುತ್ತಿದ್ದ ಸಂಬಂಧ ಅದು. 1960ರಲ್ಲಿ ಸ್ವಾತಂತ್ರ್ಯ ಬಂದಾಗ ದೇಶದ ಜನ ಐದು ಕೋಟಿಗೂ ಕಡಿಮೆ. ಈಗ ಅದರ ಐದು ಪಟ್ಟು. ದನ ಹೋಗುವ ದಾರಿಗಳೆಲ್ಲ ಹೊಲವಾದವು, ಹೊಳೆ ಪಕ್ಕದ ತೇವದ ನೆಲದಲ್ಲಿ ಬೇಸಿಗೆ ಬೆಳೆ ಬಂತು, ಉತ್ತರದಲ್ಲಿ ಹುಲ್ಲು ಒಣಗಿತು. ಹಳೆಯ ಕಾಲದಲ್ಲಿ ಕೋಲು, ಬಿಲ್ಲು. ಈಗ ಎಕೆ-47. ಬೆನುಯೆ 2017ರಲ್ಲಿ ಬಯಲು ಮೇವನ್ನೇ ನಿಷೇಧಿಸಿತು, ಫುಲಾನಿಗಳು ಇದನ್ನು ತಮ್ಮ ಮೇಲಿನ ಯುದ್ಧ ಅಂತ ತಿಳಿದರು. 2023ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಪ್ಲಾಟೊದ ಬೊಕ್ಕೊಸ್, ಬಾರ್ಕಿನ್ ಲಾಡಿ ಕಡೆಯ ಹಳ್ಳಿಗಳಲ್ಲಿ 150ಕ್ಕೂ ಹೆಚ್ಚು ಜನರನ್ನು ಕೊಂದರು. 2025ರ ಜೂನಿನಲ್ಲಿ ಬೆನುಯೆಯ ಯೆಲ್ವಾಟದಲ್ಲಿ 100ಕ್ಕೂ ಹೆಚ್ಚು. ಕ್ರಿಸ್‌ಮಸ್ ರಾತ್ರಿಯೇ ಬಂದು ಕಡಿದರೆ ಸತ್ತವರ ಮನೆಯವರು ಅದನ್ನು ಮೇವಿನ ಜಗಳ ಅಂತ ಹೇಗೆ ಒಪ್ಪುತ್ತಾರೆ ಹೇಳಿ.

ಆದರೆ ಜಂಫಾರಕ್ಕೆ ಹೋಗಿ ನೋಡಿ. ಅಲ್ಲಿ ರೈತರು ಹೌಸಾ, ದನಗಾಹಿಗಳು ಫುಲಾನಿ, ಇಬ್ಬರೂ ಸುನ್ನಿ ಮುಸ್ಲಿಮರು. ಒಂದೇ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದವರು. ಅಲ್ಲಿಯೂ ಅದೇ ದಾರಿ ಮುಚ್ಚಿದ ಕಥೆ, ಅದೇ ದನಗಳ್ಳತನ, ಅದೇ ಕಾವಲು ಪಡೆಗಳ ಸೇಡು, ಅದೇ ಬಂದೂಕು. ಸಾವಿರಾರು ಜನ ಸತ್ತಿದ್ದಾರೆ, ಹಳ್ಳಿಗೆ ಹಳ್ಳಿಯೇ ಖಾಲಿಯಾಗಿವೆ. 2025ರ ಆಗಸ್ಟಿನಲ್ಲಿ ಪಕ್ಕದ ಕತ್ಸಿನ ರಾಜ್ಯದಲ್ಲಿ ಬೆಳಗಿನ ನಮಾಜಿಗೆ ನಿಂತಿದ್ದವರ ಮೇಲೆ ಗುಂಡು ಹಾರಿಸಿ ಹತ್ತಾರು ಜನರನ್ನು ಕೊಂದರು. ಕೊಂದವರೂ ಮುಸ್ಲಿಮರೇ. ಧರ್ಮ ಒಂದೇ ಆಗಿದ್ದರೂ ಈ ಕೊಲೆ ನಿಲ್ಲಲಿಲ್ಲ ಅಂದ ಮೇಲೆ, ಬೆನುಯೆಯಲ್ಲಿ ಧರ್ಮ ಬೇರೆ ಆಗಿರೋದೇ ಕಾರಣ ಅನ್ನೋದು ಹೇಗೆ? ಬೇರೆ ಆಗಿರೋದರಿಂದ ಒಂದು ಆಗುತ್ತದೆ: ಸೇಡು ಆ ಹಳ್ಳಿಗೆ ನಿಲ್ಲದೆ ಇಡೀ ದೇಶದ ಗಾಯವಾಗುತ್ತದೆ. ಜಂಫಾರದ ಹೆಣಗಳಿಗೆ ಅಷ್ಟು ದೂರ ಹೋಗುವ ದಾರಿ ಇಲ್ಲ.

ನಡುವೆ ಕೆಲಸ ಮಾಡಿದವರ ಬಗ್ಗೆ ಹೇಳಲೇಬೇಕು. ಕಡುನದಲ್ಲಿ ಇಮಾಮ್ ಮುಹಮ್ಮದ್ ಅಶಾಫ, ಪಾಸ್ಟರ್ ಜೇಮ್ಸ್ ವುಯೆ ಅಂತ ಇಬ್ಬರಿದ್ದಾರೆ. 1992ರ ಸುಮಾರಿನ ಗಲಭೆಗಳಲ್ಲಿ ಇಬ್ಬರೂ ತಂತಮ್ಮ ಕಡೆಯ ಹುಡುಗರ ಪಡೆ ಕಟ್ಟಿದವರು. ವುಯೆ ಬಲಗೈ ಕಳೆದುಕೊಂಡರು. ಅಶಾಫ ತಮ್ಮ ಗುರುವನ್ನು, ಸೋದರ ಸಂಬಂಧಿಗಳನ್ನು ಕಳೆದುಕೊಂಡರು. ಮೊದಮೊದಲು ಒಬ್ಬರನ್ನೊಬ್ಬರು ಮುಗಿಸಬೇಕು ಅಂತಲೇ ಇದ್ದವರು, 1995ರಿಂದ ಸೇರಿ ಕೆಲಸ ಮಾಡುತ್ತಿದ್ದಾರೆ. ಇಬ್ಬರೂ ತಮ್ಮ ಮತ ಬಿಟ್ಟಿಲ್ಲ. ಎಲ್ಲಾ ಧರ್ಮ ಒಂದೇ ಅಂತ ಹೇಳೋದೂ ಇಲ್ಲ. ನನಗೆ ಇದೇ ಇಷ್ಟವಾಗೋದು.

ಜೋಸ್‌ನಲ್ಲೇ ದಾದಿನ್ ಕೋವ ಎಂಬ ಬಡಾವಣೆ ಇದೆ, ಇಬ್ಬರೂ ಬೆರೆತಿರುವ ಜಾಗ. 2001ರಲ್ಲೂ, 2008ರಲ್ಲೂ, 2010ರಲ್ಲೂ ಸುತ್ತ ಉರಿದಾಗ ಇದು ಉರಿಯಲಿಲ್ಲ. ಅಲ್ಲಿನವರು ವಿಶೇಷ ಸಜ್ಜನರು ಅಂತೇನಲ್ಲ. ಅಲ್ಲಿನ ಮುಖಂಡರು ಬೀದಿಬೀದಿಗೆ ತಿರುಗಿ ತಮ್ಮದೇ ಹುಡುಗರನ್ನು ಹಿಡಿದು ನಿಲ್ಲಿಸಿದರು. ರಾತ್ರಿ ಕಾವಲಿಗೆ ಮುಸ್ಲಿಂ, ಕ್ರೈಸ್ತ ಹುಡುಗರನ್ನು ಸೇರಿಸಿಯೇ ಹಾಕಿದರು. ಹೊರಗಿಂದ ಕತ್ತಿ ಹಿಡಿದು 'ನಮ್ಮವರ' ಸಹಾಯಕ್ಕೆ ಬಂದ ಗುಂಪುಗಳನ್ನು, ಆ ಗುಂಪಿನ ಧರ್ಮದವರೇ ಮುಂದೆ ನಿಂತು, ನೀವು ಬೇಡ ಹೋಗಿ ಅಂತ ವಾಪಸು ಕಳಿಸಿದರು. ಊರೆಲ್ಲ ಸಾಯುತ್ತಿರುವಾಗ, ನಿನಗೆ ನಿನ್ನ ಜನರ ಮೇಲೆ ಅಭಿಮಾನವಿಲ್ಲವಾ ಅಂತ ಕೇಳುವವರ ಮುಂದೆ ಹಾಗೆ ನಿಲ್ಲೋದು ಸುಲಭವಲ್ಲ.

2018ರ ಜೂನ್ 23ಕ್ಕೆ ಬಾರ್ಕಿನ್ ಲಾಡಿ ಕಡೆಯ ಹಳ್ಳಿಗಳ ಮೇಲೆ ದಾಳಿಯಾದಾಗ, ಇಮಾಮ್ ಅಬ್ದುಲ್ಲಾಹಿ ಅಬೂಬಕರ್ ಎಂಬ ಎಂಬತ್ತು ದಾಟಿದ ಮುದುಕರು ಓಡಿ ಬಂದ 262 ಕ್ರೈಸ್ತರನ್ನು ತಮ್ಮ ಮನೆ ಮತ್ತು ಮಸೀದಿಯಲ್ಲಿ ಬಚ್ಚಿಟ್ಟು, ಬಾಗಿಲಲ್ಲಿ ನಿಂತು, ಬಂದೂಕಿನವರ ಎದುರು ಬೇಡಿಕೊಂಡರು. ಬಂದವರು ವಾಪಸು ಹೋದರು. ಅಮೆರಿಕ ಅವರನ್ನು ಕರೆದು ಪ್ರಶಸ್ತಿ ಕೊಟ್ಟಿತು. ಎಲ್ಲರೂ ಅವರ ಧೈರ್ಯ ಹೊಗಳಿದರು. ಸರಿಯೇ. ಅವರು ತಾವೇ ಹೇಳಿದ ಒಂದು ವಿಷಯ ಮಾತ್ರ ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ: ಆ ಮಸೀದಿ ಕಟ್ಟಲು ದಶಕಗಳ ಹಿಂದೆ ಜಾಗ ಬಿಟ್ಟುಕೊಟ್ಟವರು ಆ ಊರಿನ ಕ್ರೈಸ್ತರೇ, ದುಡ್ಡು ತೆಗೆದುಕೊಳ್ಳದೆ. ಬಂದವರಿಗೆ ನೆಲ ಕೊಟ್ಟಿದ್ದ ಊರು ಅದು. ಜೋಸ್ ನಾರ್ತ್ ಕಚೇರಿ ಕೊಡದೇ ಇದ್ದದ್ದು ಅದನ್ನೇ ಅಲ್ವಾ?

ಯೊರೂಬಾ ನಾಡಿನಲ್ಲೂ ಎಲ್ಲವೂ ಹಾಲುಜೇನು ಅಂತಿಲ್ಲ. 2016ರಲ್ಲಿ ಒಸುನ್ ರಾಜ್ಯದ ಕೋರ್ಟು ಸರ್ಕಾರಿ ಶಾಲೆಗಳಲ್ಲಿ ಹಿಜಾಬ್ ಹಾಕಬಹುದು ಅಂದಾಗ, ಇವೊ ಊರಿನ ಬ್ಯಾಪ್ಟಿಸ್ಟ್ ಹೈಸ್ಕೂಲಿನ ಕ್ರೈಸ್ತ ಮಕ್ಕಳು ಚರ್ಚಿನ ನಿಲುವಂಗಿ ಹಾಕಿಕೊಂಡು ಕ್ಲಾಸಿಗೆ ಬಂದರು. 2021ರಲ್ಲಿ ಯೊರೂಬಾ ನಾಡಿನ ಉತ್ತರ ಅಂಚಿನ ಇಲೊರಿನ್ ಪಟ್ಟಣದಲ್ಲಿ ಇದೇ ವಿಷಯಕ್ಕೆ ಶಾಲೆಗಳ ಗೇಟಿನ ಮುಂದೆ ಕಲ್ಲು ತೂರಾಟ. 2022ರ ಜೂನಿನಲ್ಲಿ ಸುಪ್ರೀಂ ಕೋರ್ಟು ಲಾಗೋಸಿನ ಕೇಸಿನಲ್ಲಿ ಹಿಜಾಬ್ ಪರವಾಗಿ ತೀರ್ಪು ಕೊಟ್ಟಿತು. ಕರ್ನಾಟಕದವರಿಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ, 2022ರಲ್ಲಿ ನಾವೂ ಅದರಲ್ಲೇ ಮುಳುಗಿದ್ದೆವು. ಅಲ್ಲಿನ ಗಂಟು ಮಾತ್ರ ಬೇರೆ. ಈ ಶಾಲೆಗಳನ್ನು ಕಟ್ಟಿದ್ದು ಮಿಷನರಿಗಳು. 1970ರ ದಶಕದಲ್ಲಿ ಸರ್ಕಾರ ವಹಿಸಿಕೊಂಡಿತು. ಸಂಬಳ ಸರ್ಕಾರದ್ದು, ಹೆಸರು ಚರ್ಚಿನದು. ಹಾಗಾದರೆ ಶಾಲೆ ಯಾರದ್ದು? ಎಲ್ಲಿ ಆಸ್ತಿ ಯಾರದ್ದು ಅಂತ ಸರ್ಕಾರ ಅರ್ಧಕ್ಕೆ ಬಿಟ್ಟಿತೋ ಅಲ್ಲೇ ಧರ್ಮ ಬಂದು ನಿಂತಿತು, ಅಷ್ಟು ಬೆರೆತ ಜನರ ನಡುವೆಯೂ.

ಇಂಡಿಜೀನ್ ಬದಲು ವಾಸವನ್ನೇ ಲೆಕ್ಕಕ್ಕೆ ಹಿಡಿಯಿರಿ, ಇಷ್ಟು ವರ್ಷ ಇದ್ದು ತೆರಿಗೆ ಕಟ್ಟಿದವರಿಗೆ ಪೂರ್ತಿ ಹಕ್ಕು ಕೊಡಿ ಅನ್ನೋ ಸಲಹೆ ಹೊಸದಲ್ಲ. ನೈಜೀರಿಯಾದ ಸಂಸತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಬಂದು ಸತ್ತಿದೆ. ಗವರ್ನರುಗಳಿಗೆ ಬೇಡ. ಪತ್ರ ಕೊಡುವ ಅಧಿಕಾರವೇ ಅವರ ಬಂಡವಾಳ. ಸಣ್ಣ ಜನಾಂಗಗಳಿಗೂ ಭಯವಿದೆ, ಅದು ಸುಳ್ಳು ಭಯವೂ ಅಲ್ಲ: ವಾಸಕ್ಕೇ ಹಕ್ಕು ಅಂದರೆ ನಾಳೆ ದೊಡ್ಡ ಜನಾಂಗದವರು ಬಂದು ತುಂಬಿಕೊಂಡು ನಮ್ಮ ಊರಲ್ಲಿ ನಾವೇ ಮೂಲೆಗೆ ಹೋಗುತ್ತೇವೆ ಅಂತ. ಬೆರೊಮ್ ಜನರನ್ನು ಕೇಳಿದರೆ ಇದನ್ನೇ ಹೇಳುತ್ತಾರೆ. ಹೊರಗಿನಿಂದ ಬಾಂಬು ಹಾಕುವವರ ಮಾತಲ್ಲಿ ಈ ಪತ್ರ, ಈ ಭಯ ಎರಡೂ ಬರೋದೇ ಇಲ್ಲ. ಅವರಿಗೆ ಮುಸ್ಲಿಂ, ಕ್ರೈಸ್ತ ಅನ್ನೋ ಎರಡು ಪದ ಸಾಕು.

2023ರ ಚುನಾವಣೆಯಲ್ಲಿ ಟಿನುಬು ತಮ್ಮ ಜೊತೆ ಉಪಾಧ್ಯಕ್ಷರಾಗಿ ಬೊರ್ನೊದ ಮುಸ್ಲಿಂ ಕಾಶಿಂ ಶೆಟ್ಟಿಮ ಅವರನ್ನು ಆರಿಸಿಕೊಂಡರು. ಒಬ್ಬರು ಮುಸ್ಲಿಂ, ಒಬ್ಬರು ಕ್ರೈಸ್ತ ಅನ್ನೋ ವಾಡಿಕೆ ಮುರಿಯಿತು, ಚರ್ಚುಗಳು ಕೂಗಾಡಿದವು. ಆದರೂ ಟಿನುಬು ಗೆದ್ದರು. ಅವರದೇ ಕೋಟೆಯಾದ ಲಾಗೋಸಿನಲ್ಲಿ ಮಾತ್ರ ಇಗ್ಬೊ ಕ್ಯಾಥೊಲಿಕ್ ಪೀಟರ್ ಒಬಿ ಅವರಿಗೆ ಹೆಚ್ಚು ಓಟು ಬಿತ್ತು. ಮೂರು ವಾರ ಕಳೆದು ಗವರ್ನರ್ ಚುನಾವಣೆ ಬಂದಾಗ ಲಾಗೋಸಿನ ಬೀದಿಗಳಲ್ಲಿ ಇಗ್ಬೊ ಥರ ಕಾಣುವವರನ್ನು ಮತಗಟ್ಟೆಯಿಂದ ಓಡಿಸಿದರು, ಹೊಡೆದರು. ಲಾಗೋಸ್ ಯೊರೂಬಾದವರದ್ದು, ನೀವು ಬಂದವರು ಅಂದರು. ಓಡಿಸಿಕೊಂಡವರು ಬಹುತೇಕ ಕ್ರೈಸ್ತರು. ಆಗ ಗೆದ್ದ ಗವರ್ನರ್ ಕೂಡ ಕ್ರೈಸ್ತರೇ.